ಕಿವಿಯ ಗುರುತು

ನನ್ನ ನಾದಿನಿ ಮಾಯಮ್ಮನ ಭಾಷೆ ಬಲ್ಲವಳು ಊರಿಗೆಲ್ಲ ನಾನೊಬ್ಬಳೇ ಎಂದು ಮೊನ್ನೆಯವರೆಗೂ ಬೀಗುತ್ತಿದ್ದೆ. ಅವಳಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು, ಹಾಗಾಗಿ ಮಾತೂ ಬರಲಿಲ್ಲ. ಅಂಥ ಮಕ್ಕಳಿಗೆಂದು ಶಾಲೆ ಇರುತ್ತದೆ ಎನ್ನುವುದು ಗುಡೇಮಾರನಹಳ್ಳಿ ಕಡೆಯ ನಮ್ಮೂರಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಸುಮ್ಮನಿದ್ದರೋ, ಅವಳನ್ನು ಕುರಿಗಳ ಹಿಂದೆ ಕಳಿಸಿದರು. ಕೈಯಲ್ಲಿ, ಕಣ್ಣಲ್ಲಿ, ಹುಬ್ಬಿನಲ್ಲಿ ಅವಳೇ ಒಂದು ಭಾಷೆ ಕಟ್ಟಿಕೊಂಡಳು. ಮೀಸೆ ತಿರುವಿದರೆ ಅವಳ ಅಣ್ಣ, ಅಂದರೆ ನನ್ನ ಗಂಡ ಶಿವರಾಜು. ಎರಡು ಜಡೆ ಎಳೆದು ತೋರಿಸಿದರೆ ನನ್ನ ಮಗಳು ಭಾನುಪ್ರಿಯ. ಹೆಗಲ ಮೇಲೆ ಕಂಬಳಿ ಎಳೆದುಕೊಂಡರೆ ನನ್ನ ಮಾವ ಕೆಂಪಯ್ಯ. ಮೂಗಿನ ಎಡಬದಿಗೆ ಬೆರಳಿಟ್ಟರೆ ನಾನು, ಮೂಗುಬೊಟ್ಟಿನವಳು.

ತಿಪ್ಪಸಂದ್ರದಿಂದ ಮದುವೆಯಾಗಿ ಬಂದ ಹೊಸದರಲ್ಲಿ ಆ ಮನೆಯಲ್ಲಿ ನನ್ನನ್ನು ಮಾತಾಡಿಸಿದ ಮೊದಲನೆಯವಳು ಅವಳೇ. ಒಲೆ ಮುಂದೆ ಕೂತು ಅಳುತ್ತಿದ್ದಾಗ ಪಕ್ಕಕ್ಕೆ ಬಂದು ಕೂತು, ನನ್ನ ಮೂಗು ಮುಟ್ಟಿ, ಹೊಟ್ಟೆ ತೋರಿಸಿ, ಉಂಡೆಯಾ ಎಂದು ಹುಬ್ಬೇರಿಸಿದ್ದಳು. ಅಂದಿನಿಂದ ಅವಳ ಕೈ ನೋಡಿ ನೋಡಿ ಕಲಿತೆ. ಊರವರು ಅವಳನ್ನು ಮೂಗಿ ಅನ್ನುತ್ತಾರೆ. ನನ್ನೆದುರು ಅಂದವರು ನನ್ನ ಬಾಯಿಗೆ ಸಿಕ್ಕಿ ಪಟ್ಟ ಪಾಡು ಅವರಿಗೇ ಗೊತ್ತು. ಯಾರಿಗೇ ಅವಳ ಹತ್ತಿರ ಕೆಲಸವಿರಲಿ, ನನ್ನನ್ನೇ ಕರೆಯುತ್ತಿದ್ದರು. ನಾನೂ ಕೈ ಒರೆಸಿಕೊಳ್ಳುತ್ತ ಡಾಕ್ಟರ ಗತ್ತಿನಲ್ಲಿ ಹೋಗುತ್ತಿದ್ದೆ.

ಅವಳ ಭಾಷೆಯಲ್ಲಿ ಅರ್ಧಕ್ಕರ್ಧ ಕುರಿಗಳ ಮಾತೇ. ನಮ್ಮ ಕಡೆ ನಾಲ್ಕಾರು ಮನೆಯ ಕುರಿಗಳು ಒಂದೇ ಗುಡ್ಡದಲ್ಲಿ ಮೇಯುತ್ತವೆ, ಕೆರೆಯ ಹತ್ತಿರ ಕಲಸಿಹೋಗುತ್ತವೆ. ಯಾರ ಕುರಿ ಯಾವುದು ಎಂದು ಹೇಳುವುದು ಕಿವಿ. ಮರಿ ಒಂದಿಷ್ಟು ಬಲಿತ ಮೇಲೆ ಪ್ರತಿ ಮನೆಯವರೂ ಅದರ ಕಿವಿಗೆ ತಮ್ಮ ಗುರುತು ಹಾಕುತ್ತಾರೆ. ನಮ್ಮದು ಎಡಗಿವಿ, ತುದಿ ಕತ್ತರಿಸಿ ಕೆಳಗೊಂದು ಸಣ್ಣ ಕಚ್ಚು. ಮಾವ ಗುರುತು ಹಾಕುವ ಚಾಕುವನ್ನು ಮಗನಿಗೆ ಕೊಡಲಿಲ್ಲ, ಮಗಳಿಗೆ ಕೊಟ್ಟಿದ್ದರು. ಒಮ್ಮೆ ನಮ್ಮ ಟಗರೊಂದನ್ನು ಪಕ್ಕದೂರಿನವರು ತಮ್ಮದೆಂದು ಹಗ್ಗ ಹಾಕಿದಾಗ ಅವಳು ನಡುವೆ ನುಗ್ಗಿ, ಟಗರಿನ ಎಡಗಿವಿ ಹಿಡಿದೆತ್ತಿ ತೋರಿಸಿದಳು. ಅಲ್ಲಿಗೆ ಜಗಳ ಮುಗಿಯಿತು. ಎರಡು ಬೆರಳನ್ನು ಕತ್ತರಿಯಂತೆ ಕಿವಿಗೆ ಒತ್ತಿದರೆ ಗುರುತು ಹಾಕಿದ್ದು ಎಂದರ್ಥ. ಎರಡೂ ಕಿವಿ ಮುಟ್ಟಿ ಕೈ ಕೊಡವಿದರೆ ಗುರುತಿಲ್ಲದ, ಎಲ್ಲಿಂದಲೋ ತಪ್ಪಿಸಿಕೊಂಡು ಬಂದ ಕುರಿ. ಅಂಥದ್ದನ್ನು ಅವಳು ಅಟ್ಟುತ್ತಿರಲಿಲ್ಲ. ನಮ್ಮ ಕುರಿದೊಡ್ಡಿಯಲ್ಲೇ, ಅಂದರೆ ರೊಪ್ಪದಲ್ಲೇ ಕೂಡಿ, ಹುಡುಕಿಕೊಂಡು ಯಾರೂ ಬರದಿದ್ದರೆ ನಮ್ಮ ಗುರುತನ್ನೇ ಹಾಕುತ್ತಿದ್ದಳು.

ಆ ರೊಪ್ಪ ಇರುವುದು ಊರ ಪಕ್ಕದ ದೊಡ್ಡ ಬಂಡೆಯ ಕೆಳಗಿರುವ ನಮ್ಮ ಮೇಗಲ ಹೊಲದಲ್ಲಿ. ಮಾವನನ್ನು ಮಣ್ಣು ಮಾಡಿದ್ದೂ ಅಲ್ಲೇ. ಅವರು ಹೋದ ಮೇಲೆ ಖಾತೆ ಅಣ್ಣತಂಗಿ ಇಬ್ಬರ ಹೆಸರಿಗೆ ಜಂಟಿಯಾಗಿ ಬಂತು. ಈಗ ಬೆಂಗಳೂರಿನ ಒಬ್ಬರಿಗೆ ಬಂಡೆ ಕಾಣುವ ಹಾಗೆ ಫಾರ್ಮ್‌ಹೌಸ್ ಕಟ್ಟಬೇಕಾಗಿದೆ. ಮೇಗಲ ಹೊಲ ಅವರಿಗೆ ಬಹಳ ಹಿಡಿಸಿದೆ. ತಂಗಿಯಿಂದ ಹಕ್ಕು ಖುಲಾಸೆ ಪತ್ರ ಆಗಲೇಬೇಕು, ಇಲ್ಲದಿದ್ದರೆ ಕೊಳ್ಳುವುದಿಲ್ಲ ಎಂದು ಅವರ ವಕೀಲರು ಹೇಳಿದ್ದರು. ಅಪ್ಪನ ಆಸ್ತಿಯಲ್ಲಿ ನನಗೆ ಪಾಲು ಬೇಡ, ಎಲ್ಲ ಅಣ್ಣನಿಗೇ ಇರಲಿ ಎಂದು ಹೆಣ್ಣುಮಕ್ಕಳು ಬರೆದುಕೊಡುವ ಪತ್ರ ಅದು. ನಮ್ಮಲ್ಲಿ ಅದಕ್ಕೆ ಅರಿಶಿನ ಕುಂಕುಮಕ್ಕೆ ಬಿಡುವುದು ಅನ್ನುತ್ತಾರೆ. ಒಂದು ಸೀರೆ, ರವಿಕೆ ಕಣ, ತಟ್ಟೆಯಲ್ಲಿ ಅರಿಶಿನ ಕುಂಕುಮ, ಕಣ್ಣೀರು ಹಾಕಿಕೊಂಡು ಒಂದು ಸಹಿ.

ನನಗೆ ಬೇಡವಾಗಿತ್ತು ಎಂದು ಸುಳ್ಳು ಹೇಳಲಾರೆ. ಭಾನುಪ್ರಿಯಳಿಗೆ ರಾಮನಗರದಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಹೊಲ ಹೋದರೆ ಮಗಳು ಓದುತ್ತಾಳೆ ಎಂದು ನಾನೇ ಗಂಡನಿಗೆ ಹೇಳಿದ್ದೆ.

ಪತ್ರ ರಿಜಿಸ್ಟರ್ ಮಾಡಿಸುವ ದಿನ ಬೆಳಿಗ್ಗೆ ಶಿವರಾಜು ತಂಗಿಯ ಮುಂದೆ ನಿಂತು ಹೆಬ್ಬೆರಳನ್ನು ಅಂಗೈಗೆ ಒತ್ತಿ ತೋರಿಸಿದ. ಅವಳು ತಲೆಯಾಡಿಸಿ ಒಳಗೆ ಹೋದಳು. ಮುಖ ತೊಳೆದು, ಹೊಸ ಸೀರೆ ಉಟ್ಟು, ಹೊರಗೆ ಬಂದಾಗ ಅವಳ ಕಂಕುಳಲ್ಲಿ ರೇಷನ್ ಚೀಲವಿತ್ತು. ಅವಳು ಹೆಬ್ಬೆಟ್ಟು ಒತ್ತುವುದು ಸೊಸೈಟಿಯಲ್ಲಿ ಮಾತ್ರ. ಒತ್ತಿದರೆ ಅಕ್ಕಿ ಬರುತ್ತದೆ.

ಅವಳು ಏನೆಂದುಕೊಂಡಿದ್ದಾಳೆ ಎಂದು ಆ ಕ್ಷಣವೇ ನನಗೆ ಗೊತ್ತಾಯಿತು. ಅಲ್ಲ ಎನ್ನುವ ಸನ್ನೆ ನನಗೆ ಬರುತ್ತಿತ್ತು. ನಾನು ಮಾಡಲಿಲ್ಲ. ಅವಳ ಸೆರಗು ಸರಿ ಮಾಡಿ ಗಂಡನ ಲಗೇಜ್ ಆಟೊ ಹತ್ತಿಸಿದೆ.

ದಾರಿಯಲ್ಲಿ ಅವಳು ಹಿಂದೆ ಕೂತು ರಸ್ತೆ ಬದಿಯ ಕುರಿಗಳನ್ನು ನೋಡುತ್ತಿದ್ದಳು. ಮುಂದೆ ನಾವಿಬ್ಬರು.

"ನೋಡಮ್ಮಿ, ಅಲ್ಲಿ ಜಾಸ್ತಿ ಮಾತು ಬ್ಯಾಡ" ಅಂದ ಶಿವರಾಜು. "ಮೇಡಮ್ಮು ಏನೋ ಕೇಳ್ತಾರೆ. ನೀನು ಒಸಿ ಕೈ ಆಡ್ಸು, ಅವ್ಳು ತಲೆ ಆಡುಸ್ತಾಳೆ. ಒಪ್ಪವ್ಳೆ ಅಂದ್ಬುಡು, ಮುಗೀತು."

"ಅವ್ಳಿಗೆ ಏನಂತ ಹೇಳಿದೀರಿ?"

"ಹೆಬ್ಬೆಟ್ಟು ಒತ್ಬೇಕು ಅಂದೆ."

"ಎದಕ್ಕೆ ಅಂತ?"

"ಅದ ಹೇಳಕ್ಕೆ ಅವ್ಳ ಭಾಷೆ ನಂಗೆಲ್ಲಿ ಬತ್ತದೆ? ಬರದು ನಿಂಗಲ್ವಾ?" ಅವನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ತಾನೇ ಮುಂದುವರಿಸಿದ, "ಅವ್ಳನ್ನೇನು ಬೀದೀಗೆ ಬುಡ್ತೀವಾ? ಇರೋಗಂಟ ಅನ್ನ ಹಾಕಲ್ವಾ? ಕುರಿ ಮಾರ್ಬುಟ್ರೆ ಆ ಬಿಸ್ಲಲ್ಲಿ ಅಲೆಯೋದಾದ್ರೂ ತಪ್ತದೆ."

ಅವನು ಕೆಟ್ಟವನಲ್ಲ. ತಂಗಿಗೆ ಜ್ವರ ಬಂದರೆ ರಾತ್ರಿಯೆಲ್ಲ ಕೂತಿರುವವನು. ಆದರೆ ಕುರಿ ಮಾರುವ ಮಾತು ನನಗೆ ಅದೇ ಮೊದಲು ಗೊತ್ತಾದದ್ದು.

ಮಾಗಡಿಯಲ್ಲಿ ಸಬ್‌ರಿಜಿಸ್ಟ್ರಾರ್ ಆಫೀಸಿನ ಎದುರು ಪತ್ರ ಬರೆಯುವ ಚಿಕ್ಕಹನುಮಯ್ಯನವರ ಮೇಜು. ಪತ್ರ ತಯಾರಾಗಿತ್ತು. ಅವರು ಕನ್ನಡಕ ಏರಿಸಿಕೊಂಡು ಒಂದೇ ಉಸಿರಿನಲ್ಲಿ ಓದಿದರು. "ಅರಿಶಿನ ಕುಂಕುಮದ ಬಾಬ್ತು ಪಡೆದು, ಯಾರ ಒತ್ತಾಯವೂ ಇಲ್ಲದೆ, ಸ್ವಸಂತೋಷದಿಂದ, ಷೆಡ್ಯೂಲು ಸ್ವತ್ತಿನಲ್ಲಿ ನನಗಿರುವ ಸಕಲ ಹಕ್ಕುಗಳನ್ನೂ ಖುಲಾಸೆ ಮಾಡಿಕೊಟ್ಟಿರುತ್ತೇನೆ."

ಆ ಸಾಲು ನಾನು ಮುಂಚೆ ಕೇಳಿದ್ದೆ. ತಿಪ್ಪಸಂದ್ರದ ನನ್ನ ಅಣ್ಣಂದಿರು ನನ್ನ ಕೈಯಲ್ಲಿ ಬರೆಸಿಕೊಂಡ ಪತ್ರದಲ್ಲೂ ಇದೇ ಇತ್ತು. ನಾನು ಎಸ್ಸೆಸ್ಸೆಲ್ಸಿ ಪಾಸಾದವಳು, ಕನ್ನಡದಲ್ಲಿ ಕ್ಲಾಸಿಗೇ ಮೊದಲು. ಪ್ರತಿ ಅಕ್ಷರವನ್ನೂ ಓದಿ, ದುಂಡಗೆ ಸಹಿ ಹಾಕಿ, ಹಸಿರು ಸೀರೆ ಉಡಿಯಲ್ಲಿಟ್ಟುಕೊಂಡು ಬಂದಿದ್ದೆ. ನಿನಗೆ ಒಪ್ಪಿಗೆಯಾ ಎಂದು ಯಾರೂ ಕೇಳಿರಲಿಲ್ಲ. ಕೇಳಬೇಕು ಎಂದು ನನಗೂ ಹೊಳೆದಿರಲಿಲ್ಲ.

ಮಾಯಮ್ಮ ಬಗ್ಗಿ ಮೇಜಿನ ಕೆಳಗೆ ನೋಡಿದಳು. ಅಕ್ಕಿ ಮೂಟೆ ಎಲ್ಲಿ ಎಂದು ಹುಡುಕುತ್ತಿದ್ದಳು.

ಒಳಗೆ ಜನ ಕಿಕ್ಕಿರಿದಿದ್ದರು. ಸರ್ವರ್ ಡೌನ್ ಎಂದು ಬೆಳಗಿನಿಂದ ನಿಂತಿದ್ದವರೆಲ್ಲ ಒಮ್ಮೆಗೇ ಮೇಲೆ ಬಿದ್ದಿದ್ದರು. ನಮ್ಮ ಸರದಿ ಬಂದಾಗ ರಿಜಿಸ್ಟ್ರಾರ್ ಮೇಡಂ ಪತ್ರವನ್ನು ಓದಿ, ಮಾಯಮ್ಮನ ಮುಖ ನೋಡಿ, "ನಿಮ್ಮ ಹೆಸರೇನಮ್ಮಾ?" ಅಂದರು.

"ಅವ್ಳಿಗೆ ಕಿವಿ ಕೇಳ್ಸಲ್ಲ ಮೇಡಂ, ಮಾತೂ ಬರಲ್ಲ" ಎಂದು ಶಿವರಾಜು ಮುಂದೆ ಬಂದ. "ಆದ್ರೆ ಎಲ್ಲ ಗೊತ್ತಾಯ್ತದೆ. ನೋಡಿ." ಅವನು ತಂಗಿಯತ್ತ ತಿರುಗಿ ಹೆಬ್ಬೆರಳನ್ನು ಅಂಗೈಗೆ ಒತ್ತಿದ. ಅವಳು ತಲೆಯಾಡಿಸಿ, ಹೆಬ್ಬೆರಳನ್ನು ಸೀರೆಗೆ ಒರೆಸಿಕೊಂಡು, ಮೇಜಿನ ಮೇಲಿದ್ದ ಯಂತ್ರದ ಮೇಲೆ ಇಡಲು ಹೋದಳು.

ಮೇಡಂ ಯಂತ್ರವನ್ನು ತಮ್ಮ ಕಡೆಗೆ ಎಳೆದುಕೊಂಡರು. "ನೀವು ಬರೆಸಿಕೊಳ್ಳುವವರು. ನೀವು ಕೇಳುವ ಹಾಗಿಲ್ಲ. ಇವರ ಸನ್ನೆ ತಿಳಿದವರು ಬೇರೆ ಯಾರಿದ್ದಾರೆ?"

"ನಂಗೆ ಗೊತ್ತು ಮೇಡಂ" ಅಂದೆ. ಆ ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ, ಹೆಮ್ಮೆಯೇ ಇತ್ತು ಅದರಲ್ಲಿ.

"ಸರಿ. ನೀವು ಹೇಳಿದ್ದನ್ನೇ ಇವರು ಹೇಳಿದ್ದು ಅಂತ ಬರೆದುಕೊಳ್ತೀನಿ. ಕೆಳಗೆ ನಿಮ್ಮ ಸಹಿ ತಗೋತೀನಿ. ನಾಳೆ ಕೇಸು ಗೀಸು ಆದರೆ ಕೋರ್ಟಿಗೆ ಬರೋದು ನೀವೇ. ಹೆಬ್ಬೆಟ್ಟಿನ ಮಾತು ಬಿಡಿ. ಅಪ್ಪನ ಜಮೀನಿನಲ್ಲಿ ನಿನ್ನ ಪಾಲಿದೆ, ಅದನ್ನು ಅಣ್ಣನಿಗೆ ಬಿಟ್ಟುಕೊಡೋಕೆ ನಿನಗೆ ಒಪ್ಪಿಗೆಯಾ ಅಂತ ಕೇಳಿ."

ನಾನು ಅವಳತ್ತ ತಿರುಗಿ ಕೈ ಎತ್ತಿದೆ. ಎತ್ತಿದ ಕೈ ಅಲ್ಲೇ ನಿಂತಿತು.

ಪಾಲು ಎನ್ನುವುದಕ್ಕೆ ನಮ್ಮ ನಡುವೆ ಸನ್ನೆ ಇರಲಿಲ್ಲ. ಒಪ್ಪಿಗೆಯಾ ಎನ್ನುವುದಕ್ಕೆ ಇರಲಿಲ್ಲ. ನಿನಗೇನು ಬೇಕು ಎನ್ನುವುದಕ್ಕೂ ಇರಲಿಲ್ಲ. ನೀರು ತಾ, ಸೌದೆ ತಾ, ಮಳೆ ಬರುತ್ತೆ ಕುರಿ ಕೂಡು, ಉಣ್ಣು, ಮಲಗು, ನೆಂಟರು ಬಂದಿದ್ದಾರೆ ಒಳಗೆ ಇರು. ಇವೆಲ್ಲ ಸಲೀಸಾಗಿ ಬರುತ್ತಿದ್ದವು. ಭಾನು ಹುಟ್ಟುವ ಮುಂಚಿನಿಂದ ಈ ಹೆಂಗಸಿನ ಜೊತೆ ಒಂದೇ ಒಲೆಯ ಮುಂದೆ ಕೂತವಳು ನಾನು. ಉಂಡೆಯಾ ಎನ್ನುವುದು ಬಿಟ್ಟು ಅವಳನ್ನು ಏನನ್ನೂ ಕೇಳಿರಲಿಲ್ಲ. ಅದನ್ನು ಕೂಡ ಅವಳೇ ನನಗೆ ಕಲಿಸಿದ್ದು. ನನಗೆ ನಾಚಿಕೆಯಾಯಿತು.

"ಏನಮ್ಮಾ, ಗೊತ್ತು ಅಂದ್ರಲ್ಲ?" ಅಂದರು ಮೇಡಂ. ಹಿಂದೆ ನಿಂತವರು ಬೇಗ ಮುಗಿಸಿ ಎಂದು ಗೊಣಗುತ್ತಿದ್ದರು.

ಇದ್ದ ಸನ್ನೆಗಳಲ್ಲೇ ಪ್ರಯತ್ನ ಮಾಡಿದೆ. ಕೈ ಮೇಲೆತ್ತಿ ಬಂಡೆ ತೋರಿಸಿದೆ, ಹೆಗಲಿಗೆ ಕಂಬಳಿ ಎಳೆದೆ. ಮೇಗಲ ಹೊಲಕ್ಕೆ ಅದೇ ಹೆಸರು, ಅವಳಪ್ಪ ಮಲಗಿರುವ ಬಂಡೆಯ ಜಾಗ. ಮೀಸೆ ತಿರುವಿದೆ. ಎರಡು ಅಂಗೈ ಚಾಚಿ ಕೊಡು ಎಂದೆ.

ಅವಳು ಮುಗುಳ್ನಕ್ಕು ತಲೆಯಾಡಿಸಿದಳು.

"ನೋಡಿದ್ರಾ ಮೇಡಂ" ಅಂದ ಶಿವರಾಜು. ಅವನ ದನಿಯಲ್ಲಿ ಸುಸ್ತು ಕಳೆದಂತಿತ್ತು. "ಒಪ್ಕಂಡ್ಲು."

ಎಲ್ಲರೂ ನೋಡಿದ್ದರು. ಅಷ್ಟು ಜನರಲ್ಲಿ ಅವಳು ಯಾವುದಕ್ಕೆ ತಲೆಯಾಡಿಸಿದಳು ಎಂದು ಗೊತ್ತಿದ್ದವಳು ನಾನೊಬ್ಬಳು. ಮೇಗಲ ಹೊಲ, ಅಣ್ಣ, ಕೊಡು. ಆ ಮೂರು ಸನ್ನೆಗೆ ನಮ್ಮನೆಯಲ್ಲಿ ಒಂದೇ ಅರ್ಥ, ಹೊಲದಲ್ಲಿರುವ ಅಣ್ಣನಿಗೆ ಬುತ್ತಿ ಕೊಟ್ಟು ಬಾ. ಅವಳು ಕೊಟ್ಟು ಬರುತ್ತೇನೆ ಎಂದಳು.

"ಒಪ್ಪಿದ್ರಾ?" ಮೇಡಂ ನನ್ನನ್ನೇ ಕೇಳಿದರು. ಪೆನ್ನು ಪತ್ರದ ಮೇಲಿತ್ತು.

ಹೂಂ ಎಂದರೆ ಸಾಕಿತ್ತು. ಸುಳ್ಳೆಂದು ಹಿಡಿಯುವವರು ಯಾರೂ ಇರಲಿಲ್ಲ. ಅವಳು ಕೂಡ ಹಿಡಿಯುತ್ತಿರಲಿಲ್ಲ. ಭಾನುಪ್ರಿಯ ಬಿಳಿ ಕೋಟು ಹಾಕಿಕೊಂಡು ಬಸ್ಸಿನಿಂದ ಇಳಿಯುವುದು ನನ್ನ ಕಣ್ಣಿಗೆ ಕಟ್ಟಿತು. ಶಿವರಾಜು ನನ್ನನ್ನು ನೋಡುತ್ತಿದ್ದ. ಮಾಯಮ್ಮನೂ ನೋಡುತ್ತಿದ್ದಳು, ನನ್ನ ಬಾಯನ್ನಲ್ಲ, ಕೈಗಳನ್ನು. ಇನ್ನೂ ಏನೋ ಹೇಳುತ್ತಾಳೆ ಎಂದು ಕಾಯುತ್ತಿದ್ದಳು.

"ಒಸಿ ತಡೀರಿ ಮೇಡಂ" ಅಂದೆ. "ಅವ್ಳಿಗೆ ಅರ್ಥ ಆಗಿಲ್ಲ."

"ಶಿವೀ" ಎಂದು ಗಂಡ ನನ್ನ ಹೆಸರು ಹಿಡಿದು ಕರೆದ, ಮೆಲ್ಲಗೆ.

ನಾನು ಅವನ ಕಡೆ ತಿರುಗಲಿಲ್ಲ. ಮೇಡಂ ಅವರ ಮೇಜಿನ ಮೇಲೆಯೇ ಬೆರಳಿನಿಂದ ಹೊಲ ಬರೆದೆ. ಈ ತುದಿಗೆ ಬಂಡೆ, ಇಲ್ಲಿ ಕಂಬಳಿ ಹೊದ್ದು ಮಲಗಿದವರು, ಇಲ್ಲಿ ರೊಪ್ಪ. ಕುರಿಗಳನ್ನು ರೊಪ್ಪದೊಳಗೆ ಕೂಡಿದೆ. ಅವಳ ಎದೆ ಮುಟ್ಟಿ, ಅವಳನ್ನೂ ಅಲ್ಲೇ ನಿಲ್ಲಿಸಿದೆ. ಆಮೇಲೆ ಕುರಿಗಳನ್ನೆಲ್ಲ ಅಂಗೈಯಿಂದ ಮೇಜಿನಾಚೆ ಗುಡಿಸಿದೆ. ಅವಳನ್ನೂ ಗುಡಿಸಿದೆ. ಹೊಲದ ಸುತ್ತ ಬೇಲಿ ಎಳೆದು ಬಾಗಿಲು ಮುಚ್ಚಿದೆ. ಕಂಬಳಿಯವರು ಒಳಗೇ ಉಳಿದರು. ಕೊನೆಗೆ ಅವಳ ಹೆಬ್ಬೆರಳು ಹಿಡಿದು ಪತ್ರದ ಮೇಲೆ ತೋರಿಸಿ, ಮತ್ತೆ ಆ ಮುಚ್ಚಿದ ಬಾಗಿಲನ್ನು ತೋರಿಸಿದೆ. ಇದನ್ನು ಒತ್ತಿದರೆ, ಅದು.

ಹುಬ್ಬೇರಿಸಿದೆ. ಉಂಡೆಯಾ ಎಂದು ಕೇಳುವಾಗ ಏರಿಸುವ ಹಾಗೆ.

ಅವಳ ನಗು ಎಲ್ಲೋ ಹೋಯಿತು. ಮೇಜನ್ನು ನೋಡಿದಳು, ಪತ್ರವನ್ನು ನೋಡಿದಳು, ಕಂಕುಳಲ್ಲಿದ್ದ ರೇಷನ್ ಚೀಲವನ್ನು ನೋಡಿದಳು. ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು. ಆಮೇಲೆ ಅಣ್ಣನನ್ನು ನೋಡಿದಳು. ಅವನು ನೆಲ ನೋಡುತ್ತಿದ್ದ.

ಕೂಗುತ್ತಾಳೆ ಎಂದು ನನಗೆ ಭಯವಾಯಿತು. ಕುರಿಗೆ ತೋಳ ಬಿದ್ದಾಗ ಅವಳು ಕೂಗುವುದನ್ನು ಕೇಳಿದ್ದೇನೆ. ಅವಳು ಕೂಗಲಿಲ್ಲ. ಎರಡು ಬೆರಳನ್ನು ಕತ್ತರಿ ಮಾಡಿ ತನ್ನ ಎಡಗಿವಿಯ ತುದಿಗೆ ಒತ್ತಿದಳು. ಆಮೇಲೆ ಕೈ ಚಾಚಿ, ಅಷ್ಟು ಜನರ ಎದುರು, ಅಣ್ಣನ ಎಡಗಿವಿಯನ್ನೂ ಹಾಗೆಯೇ ಒತ್ತಿದಳು. ಹೆಗಲ ಮೇಲೆ ಕಂಬಳಿ ಎಳೆದುಕೊಂಡಳು. ಮತ್ತೆ ತನ್ನ ಕಿವಿ, ಮತ್ತೆ ಅವನ ಕಿವಿ.

"ಏನಂತೆ?" ಅಂದರು ಮೇಡಂ.

ನನ್ನದು, ನಿನ್ನದು ಎನ್ನುವುದಕ್ಕೆ ಅವಳಲ್ಲಿ ಮಾತಿಲ್ಲ ಎಂದುಕೊಂಡಿದ್ದೆ. ಮಾತು ಇತ್ತು. ಪ್ರತಿ ಮರಿಯ ಕಿವಿಯ ಮೇಲೂ ನನ್ನ ಕಣ್ಣೆದುರೇ ಹೇಳುತ್ತಿದ್ದಳು. ಕುರಿಯ ಮಾತು ಎಂದು ನಾನೇ ಅದನ್ನು ರೊಪ್ಪದಲ್ಲಿ ಬಿಟ್ಟು ಬಂದಿದ್ದೆ.

"ಅವರಪ್ಪ ಇಬ್ರಿಗೂ ಒಂದೇ ಗುರುತು ಹಾಕವ್ರೆ ಅಂತಾವ್ಳೆ ಮೇಡಂ" ಅಂದೆ. "ಅವ್ನೂ ಆ ರೊಪ್ಪದವ್ನೇ, ನಾನೂ ಆ ರೊಪ್ಪದವ್ಳೇ ಅಂತಾವ್ಳೆ. ಒಪ್ಪಿಲ್ಲ. ಬರ್ಕೊಳಿ. ಸಹಿ ಹಾಕ್ತೀನಿ."

ಮೇಡಂ ನಮ್ಮ ಮೂವರ ಮುಖವನ್ನೂ ನೋಡಿದರು. ಪತ್ರ ಮಡಿಸಿ ಶಿವರಾಜುವಿನ ಕಡೆ ತಳ್ಳಿದರು. "ಇದು ಆಗಲ್ಲ. ಮುಂದಿನವರು ಬನ್ನಿ" ಅಂದರು.

ಹೊರಗೆ ಬಂದ ಮೇಲೆ ಅವನು ಬೈಯಲಿಲ್ಲ. ಬೈದಿದ್ದರೆ ನನಗೂ ಬಾಯಿತ್ತು. "ನಿನ್ ಮಗ್ಳಿಗೆ ನೀನೇ ಹೇಳ್ಕೊ" ಎಂದಷ್ಟೇ ಅಂದು ಆಟೊ ಹತ್ತಿದ. ನಾವು ಹತ್ತುವ ಮುಂಚೆಯೇ ಹೊರಟುಹೋದ. ಅವನ ಕಿವಿ ಕೆಂಪಾಗಿತ್ತು.

ನಾವಿಬ್ಬರೂ ಬಸ್‌ಸ್ಟ್ಯಾಂಡಿಗೆ ನಡೆದೆವು. ಕಲ್ಲುಬೆಂಚಿನ ಮೇಲೆ ಕೂತೆವು. ಮನೆಯಲ್ಲಿ ಏನು ಕಾದಿದೆಯೋ ಗೊತ್ತಿರಲಿಲ್ಲ. ಭಾನುವಿಗೆ ಯಾವ ಮಾತಿನಲ್ಲಿ ಹೇಳುವುದೋ ಅದೂ ಗೊತ್ತಿರಲಿಲ್ಲ. ಮಾಡಿದ್ದು ಸರಿ ಎಂದು ಆಗ ಯಾರಾದರೂ ಹೇಳಿದ್ದರೆ ಅವರ ಮೇಲೆ ರೇಗಿಬಿಡುತ್ತಿದ್ದೆ. ಮಾಯಮ್ಮ ರೇಷನ್ ಚೀಲವನ್ನು ತೊಡೆಯ ಮೇಲಿಟ್ಟು ಮಡಿಸುತ್ತಿದ್ದಳು, ಬಿಚ್ಚುತ್ತಿದ್ದಳು, ಮತ್ತೆ ಮಡಿಸುತ್ತಿದ್ದಳು.

ಸ್ವಲ್ಪ ಹೊತ್ತಿಗೆ ನನ್ನ ತೋಳು ತಟ್ಟಿದಳು. ಮೂಗಿನ ಎಡಬದಿಗೆ ಬೆರಳಿಟ್ಟಳು. ನೀನು. ಬೆರಳ ಕತ್ತರಿಯನ್ನು ನನ್ನ ಬಲಗಿವಿಯ ಹತ್ತಿರ ತಂದಳು, ಎಡಗಿವಿಯ ಹತ್ತಿರ ತಂದಳು, ಹುಬ್ಬೇರಿಸಿದಳು. ನಿನ್ನ ಗುರುತು ಯಾವ ಕಿವಿಯಲ್ಲಿ?

ಹಸಿರು ಸೀರೆ ನೆನಪಾಯಿತು. ಸ್ವಸಂತೋಷದಿಂದ ಎನ್ನುವ ಪದದ ಕೆಳಗೆ ನನ್ನ ದುಂಡಗಿನ ಸಹಿ ನೆನಪಾಯಿತು. ತಿಪ್ಪಸಂದ್ರದ ಆ ಹೊಲಕ್ಕೆ ಈಗ ಹೋದರೆ ಅಣ್ಣನ ಮಕ್ಕಳು ಅತ್ತೆ ಬಂದವ್ರೆ, ಕಾಫಿ ಮಾಡಿ ಎನ್ನುತ್ತಾರೆ. ಗಂಡನ ಮನೆಯ ಪಹಣಿಯಲ್ಲಂತೂ ನನ್ನ ಹೆಸರು ಯಾವತ್ತೂ ಇರಲಿಲ್ಲ. ಇದನ್ನೆಲ್ಲ ಹೇಳಲು ನನಗೆ ಬರುವ ಕನ್ನಡ ಸಾಲದೆಂದು ತೋರಿತು. ಅವಳ ಭಾಷೆಯಲ್ಲಿ ಅದಕ್ಕೆ ಸನ್ನೆ ಇತ್ತು. ಎರಡೂ ಕಿವಿ ಮುಟ್ಟಿಕೊಂಡು ಕೈ ಕೊಡವಿದೆ.

ಅವಳು ನನ್ನನ್ನೇ ನೋಡುತ್ತಿದ್ದಳು. ನಮ್ಮ ಬಸ್ಸು ಬಂತು, ಜನ ಎದ್ದರು. ಅವಳು ಏಳಲಿಲ್ಲ. ನನ್ನ ಗಲ್ಲ ಹಿಡಿದು, ಮರಿಯ ಮುಖ ತಿರುಗಿಸುವ ಹಾಗೆ ಒಂದು ಪಕ್ಕಕ್ಕೆ ತಿರುಗಿಸಿ, ಎಡಗಿವಿಯ ತುದಿಗೆ ಎರಡು ಬೆರಳಿಟ್ಟು ಒತ್ತಿದಳು. ಕೆಳಗೆ ಉಗುರಿನಿಂದ ಒಂದು ಸಣ್ಣ ಕಚ್ಚು ಹಾಕಿದಳು. ಊರು ತಲುಪುವವರೆಗೂ ಅದು ಉರಿಯುತ್ತಿತ್ತು.